ಫಿರಂಗಿಯೂ ಕೆಂಪಂಗಿಯೂ: ಕೊಪ್ಪಳ ಸೀಮೆಯ ಒಂದು ಪ್ರವಾಸ

ನಮ್ಮ ಮಾತಿನಲ್ಲಿ ಕೆಲವು ಶಬ್ದಗಳು ಎಲ್ಲಿಂದಲೋ ಬಂದು ಮನೆಯವರಂತೆ ನೆಲೆಸಿಬಿಟ್ಟಿರುವುವು. ಕೋಟೆಯ ಮೇಲಿನ ದೊಡ್ಡ ತೋಪನ್ನು ನಾವು ಫಿರಂಗಿಯೆಂದು ಕರೆಯುತ್ತೇವೆ. ಆದರೆ ಫಿರಂಗಿಯೆಂದರೆ ಮೊದಲು ತೋಪಲ್ಲ, ಯುರೋಪಿನ ಮನುಷ್ಯ. ಫ್ರಾಂಕ್ ಎಂಬ ಜನಾಂಗದ ಹೆಸರು ಅರಬರ ಮತ್ತು ಪಾರಸಿಗಳ ನಾಲಗೆಯ ಮೇಲೆ ಹೊರಳಿ, ನಮ್ಮಲ್ಲಿಗೆ ಬಂದು ಪರಂಗಿಯೂ ಫಿರಂಗಿಯೂ ಆಯಿತು. ತೋಪು, ತುಪಾಕಿಗಳು ತುರುಕಿಯಿಂದ ಬಂದುವು. ಪಲ್ಟನು ಯುರೋಪಿನ ದಂಡಿನ ಮಾತು. ದಿರಸು ಇಂಗ್ಲಿಷರ ಉಡುಪಿನ ಹೆಸರು. ಮನುಷ್ಯನ ಹೆಸರು ಆಯುಧಕ್ಕೆ ಅಂಟಿತು. ಆಯುಧದ ಹಿಂದೆಯೇ ಅಂಗಿಯ ಹೆಸರೂ ಬಂದಿತು. ಈ ಶಬ್ದಗಳು ಬಂದ ದಾರಿಯನ್ನು ಕಣ್ಣಾರೆ ನೋಡಬೇಕೆಂಬುವರು ಸಮುದ್ರ ದಾಟಬೇಕಾಗಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಈ ನಾಲ್ಕು ಊರುಗಳ ನೆಲವನ್ನು ಒಮ್ಮೆ ಸುತ್ತಿಬಂದರೆ ಸಾಕು.

ತುಂಗಭದ್ರೆಯ ಉತ್ತರದ ದಡದಿಂದ ಹಬ್ಬಿರುವ ಈ ಸೀಮೆಯು ಬಹುಕಾಲ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿನಲ್ಲಿದ್ದುವು. ಆಮೇಲೆ ರಾಯಚೂರು ಜಿಲ್ಲೆಯ ಭಾಗವಾಗಿದ್ದು, ೧೯೯೭ರಲ್ಲಿ ಕೊಪ್ಪಳವೇ ಬೇರೆ ಜಿಲ್ಲೆಯಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಣ ನೆಲಕ್ಕಾಗಿ ರಾಜರು ಹೊಡೆದಾಡಿದಷ್ಟು ಬೇರೆ ಯಾವ ನೆಲಕ್ಕೂ ಕನ್ನಡನಾಡಿನಲ್ಲಿ ಹೊಡೆದಾಡಿದ್ದಿಲ್ಲವೆನ್ನಬಹುದು. ಹೊಡೆದಾಟವಿದ್ದಲ್ಲಿಗೆ ಹೊಸ ಆಯುಧವು ತಾನಾಗಿಯೇ ಬರುವುದು. ಆದರೆ ಈ ಪ್ರವಾಸದಲ್ಲಿ ನಾವು ಕೇಳಬೇಕಾದುದು ಯಾರು ಗೆದ್ದರು, ಯಾರು ಸೋತರು ಎಂಬುದನ್ನಲ್ಲ. ಆಳಿನ ಕೈಯಲ್ಲಿದ್ದ ಆಯುಧವು ಯಾರದು, ಮೈಮೇಲಿದ್ದ ಅಂಗಿಯು ಯಾರದು? ಇದೊಂದೇ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೊರಡೋಣ.

ಮೊದಲು ಗಂಗಾವತಿಗೆ ಹತ್ತಿರದ ಆನೆಗುಂದಿ. ಗುಂಡುಗಲ್ಲುಗಳ ಬೆಟ್ಟಗಳ ನಡುವೆ ನದಿಯು ಮುರಿದು ಹರಿಯುವ ಎಡೆಯಲ್ಲಿ, ಹಂಪೆಗೆ ಎದುರಾಗಿ ಈ ಹಳೆಯ ರಾಜಧಾನಿಯು ಕುಳಿತಿದೆ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಇದರ ಗೋಡೆಗಳನ್ನೂ ಬಾಗಿಲುಗಳನ್ನೂ ನೋಡಿದರೆ, ಇವು ಆನೆಯನ್ನೂ ಏಣಿಯನ್ನೂ ತಡೆಯಲು ಕಟ್ಟಿದುವೆಂದು ತಿಳಿಯುವುದು. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ತುಗೀಜ ಪ್ರವಾಸಿಗಳು ನದಿಯನ್ನು ದಾಟಿಸುವ ದುಂಡನೆಯ ಹರಿಗೋಲುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಂಡಿನ ಸಂದರ್ಶನವನ್ನೂ ಬಣ್ಣಿಸಿದ್ದಾನೆ. ಪದರಪದರವಾಗಿ ಹೊಲಿದು ದಪ್ಪಗೊಳಿಸಿದ ಅಂಗಿಗಳು, ಡಾಲುಗಳು, ಬಿಲ್ಲುಗಳು, ಅವುಗಳ ನಡುವೆ ಬಂದೂಕುಗಳು. ಒಬ್ಬೊಬ್ಬನದು ಒಂದೊಂದು ಬಗೆಯ ಉಡುಪು. ಸೊಗಸಾದಷ್ಟೂ ಅವನ ನಾಯಕನಿಗೆ ಮೆರಗು.

ಈ ದಂಡು ೧೫೨೦ರಲ್ಲಿ ರಾಯಚೂರಿನ ಕೋಟೆಯನ್ನು ಮುತ್ತಿತು. ಅಲ್ಲಿಗೆ ಕ್ರಿಸ್ತೊವಾ ದ ಫಿಗೈರೆದೊ ಎಂಬ ಪೋರ್ತುಗೀಜನು ಬಂದನು. ಅವನು ಬಂದುದು ಕುದುರೆಗಳನ್ನು ಮಾರಲಿಕ್ಕೆ. ಅವನ ಸಂಗಡ ಇಪ್ಪತ್ತು ಮಂದಿ ಬಂದೂಕಿನವರು ಇದ್ದರು. ಆ ಬಂದೂಕಿನ ಬಗೆಯನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಅದಕ್ಕೆ ಪೆಟ್ಲುಪ್ಪಿನ ನೀರಿನಲ್ಲಿ ತೋಯಿಸಿ ಒಣಗಿಸಿದ ಹುರಿಯ ಬತ್ತಿಯುಂಟು. ಬತ್ತಿಯು ಹೊಗೆಯಾಡುತ್ತ ಮೆಲ್ಲಗೆ ಉರಿಯುತ್ತಿರಬೇಕು. ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ಹಾಕಿ ಗಜದಿಂದ ಜಡಿದು, ಪಕ್ಕದ ಸಣ್ಣ ಬಟ್ಟಲಿಗೆ ನುಣ್ಣಗಿನ ಮದ್ದನ್ನು ತುಂಬಿ, ಕುದುರೆಯನ್ನು ಒತ್ತಿದರೆ ಕೊಂಡಿಯು ಬಾಗಿ ಬತ್ತಿಯ ಕೆಂಡವನ್ನು ಮದ್ದಿಗೆ ಮುಟ್ಟಿಸುವುದು. ಮಳೆ ಬಂದರೆ ಬಂದೂಕು ಬರಿಯ ಕೋಲು. ಗಾಳಿ ಎದ್ದರೆ ಕಿಡಿ ಹಾರಿ ತನ್ನ ಮದ್ದಿನ ಚೀಲಕ್ಕೇ ಬೆಂಕಿ. ಇಂಥದನ್ನು ಹೊತ್ತು ಬಿಸಿಲಿನಲ್ಲಿ ನಡೆಯುವುದು ಧೈರ್ಯದಷ್ಟೇ ತಾಳ್ಮೆಯ ಕೆಲಸವಾಗಿತ್ತು.

ಆದರೂ ಆ ಇಪ್ಪತ್ತು ಮಂದಿ ಮುತ್ತಿಗೆಯ ಬಗೆಯನ್ನೇ ತಿರುಗಿಸಿದರು. ಪೋರ್ತುಗೀಜ ಬರೆಹಗಾರ ಫೆರ್ನಾವೊ ನೂನಿಜನು ಹೇಳುವಂತೆ, ಗೋಡೆಯ ಬುಡಕ್ಕೆ ಹೋಗಿ ಹಾರೆಯಿಂದ ಕಲ್ಲು ಕೀಳುವ ಆಳುಗಳಿಗೆ, ಕಿತ್ತ ಕಲ್ಲಿನ ಲೆಕ್ಕದಲ್ಲಿ ಹಣವನ್ನು ಕೊಡುತ್ತಿದ್ದರಂತೆ. ಮೇಲಿನಿಂದ ಕಲ್ಲೂ ಬಾಣವೂ ಸುರಿಯುವಾಗ ಎಷ್ಟು ಜನ ಸತ್ತರೊ! ಪೋರ್ತುಗೀಜರು ದೂರದಲ್ಲಿ ನಿಂತು, ತೆನೆಗಳ ನಡುವೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಕೆಳಗಿನವರಿಗೆ ಬಿಡುವು ದೊರೆಯಿತು. ಕೊನೆಗೆ ಕೋಟೆಯ ಸರದಾರನೇ ಬಗ್ಗಿ ನೋಡಲು ಬಂದು, ಹಣೆಗೆ ಗುಂಡು ತಗುಲಿ ಬಿದ್ದನು. ಮರುದಿನ ಕೋಟೆಯವರು ಶರಣಾದರು. ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ಬಂದೂಕಿನವರಿಗೆ ಸಮವಸ್ತ್ರವಿರಲಿಲ್ಲ. ಬಂದೂಕು ಅವರದು, ಅಂಗಿಯೂ ಅವರದು. ಮನಸ್ಸಿಗೆ ಬಂದರೆ ಕುದುರೆ ಮಾರಿದ ಹಣವನ್ನು ಕಟ್ಟಿಕೊಂಡು ಹೋಗಿಬಿಡಬಹುದಾಗಿತ್ತು. ಆಗಿನ ಯುರೋಪಿನಲ್ಲಿಯೂ ಹೀಗೆಯೆ. ಜರ್ಮನಿಯ ಕೂಲಿ ಸಿಪಾಯಿಗಳು ತೋಳುಗಳನ್ನು ಸೀಳಿ ಒಳಗಿನ ಬಣ್ಣ ಕಾಣಿಸುವ ಅಂಗಿಯನ್ನು ತಮ್ಮ ಹಮ್ಮಿಗೆ ತಕ್ಕಂತೆ ತಾವೇ ಹೊಲಿಸಿಕೊಳ್ಳುತ್ತಿದ್ದರು.

ಆನೆಗುಂದಿಯಿಂದ ಉತ್ತರಕ್ಕೆ ಗಂಗಾವತಿಯನ್ನು ದಾಟಿದರೆ ಕನಕಗಿರಿ ಬರುವುದು. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕೆಂಬ ಗಾದೆಯನ್ನು ಕೇಳದವರಾರು? ಪಾಳೆಯಗಾರರ ಊರಾದ ಅಲ್ಲಿಯ ದೇವಾಲಯವನ್ನು ನೋಡಿಕೊಂಡು, ತಾವರಗೇರಿಯ ಮೇಲಿಂದ ಕುಷ್ಟಗಿಗೆ ಹೋಗಬಹುದು. ಗುಂಡುಗಲ್ಲಿನ ಬೆಟ್ಟಗಳು ಹಿಂದುಳಿದು ಹೊಲಗಳು ಬಯಲಾಗುವುವು. ಇಲ್ಲಿ ಕಣ್ಣು ಕುಕ್ಕುವ ಕೋಟೆಯನ್ನು ಹುಡುಕಬೇಕಾಗಿಲ್ಲ. ಈ ಸೀಮೆಯ ಲಂಬಾಣಿ ತಾಂಡಾಗಳೇ ಹಳೆಯ ಯುದ್ಧಗಳ ಒಂದು ಮುಖ್ಯ ಸಲಕರಣೆಯನ್ನು ನೆನಪಿಗೆ ತರುವುವು. ಮೊಗಲರ, ನಿಜಾಮರ, ಕೊನೆಗೆ ಕಂಪನಿಯ ದಂಡುಗಳಿಗೂ ಎತ್ತುಗಳ ಹೇರಿನ ಮೇಲೆ ಧಾನ್ಯವನ್ನು ತಂದು ಮುಟ್ಟಿಸಿದವರು ಇವರ ಹಿರಿಯರು. ಕೋಟೆಯ ಗೋಡೆಯನ್ನು ಒಡೆಯಬಲ್ಲ ಯುರೋಪಿನ ದೊಡ್ಡ ತೋಪು ಇಪ್ಪತ್ತನಾಲ್ಕು ಪೌಂಡಿನ ಗುಂಡನ್ನು ಎಸೆಯುವುದು. ಅದರ ಸ್ವಂತ ತೂಕವು ಎರಡು ಟನ್ನಿಗೂ ಹೆಚ್ಚು. ಒಂದೊಂದಕ್ಕೆ ಹತ್ತಾರು ಎತ್ತುಗಳನ್ನು ಹೂಡಬೇಕು. ಆ ಎತ್ತುಗಳಿಗೆ ಮೇವು, ಮೇವಿಗೆ ಹಳ್ಳಿ. ದಂಡು ಹಾದುಹೋದ ದಾರಿಯಲ್ಲಿ ಒಕ್ಕಲಿಗನ ಬಣವೆಯು ಉಳಿಯುತ್ತಿರಲಿಲ್ಲ. ಯುರೋಪಿನಲ್ಲಿ ೧೬೧೮ರಿಂದ ೧೬೪೮ರ ವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯ ಹಳ್ಳಿಗಳು ಹಾಳಾದುದು ಬರಿಯ ಕಾಳಗದಿಂದಲ್ಲ, ದಂಡಿನ ಹೊಟ್ಟೆಯಿಂದ. ಸಂಬಳವನ್ನು ಸರಿಯಾಗಿ ಕೊಡದ ಅರಸನ ಸಿಪಾಯಿಯು ರೈತನ ಮನೆಯಲ್ಲಿಯೇ ಸಂಬಳವನ್ನು ವಸೂಲು ಮಾಡಿಕೊಳ್ಳುವನು. ಈ ಮಾತು ರೈನ್ ನದಿಯ ದಡಕ್ಕೂ ತುಂಗಭದ್ರೆಯ ದಡಕ್ಕೂ ಒಂದೇ.

ಕುಷ್ಟಗಿಯಿಂದ ನೈರುತ್ಯಕ್ಕೆ ತಿರುಗಿದರೆ ಯಲಬುರ್ಗಾ. ೧೬೭೭ರಲ್ಲಿ, ಶಿವಾಜಿ ಮಹಾರಾಜರು ದಕ್ಷಿಣದ ದಂಡಯಾತ್ರೆಗೆ ಹೊರಟ ಕಾಲದಲ್ಲಿ, ಅವರ ಸೇನಾಪತಿಯಾದ ಹಂಬೀರರಾವ ಮೋಹಿತೆಯು ಬಿಜಾಪುರದ ಸರದಾರ ಹುಸೇನಖಾನ ಮಿಯಾಣನನ್ನು ಈ ಯಲಬುರ್ಗಾ ಗಜೇಂದ್ರಗಡಗಳ ಬಯಲಿನಲ್ಲಿ ಸೋಲಿಸಿ ಸೆರೆಹಿಡಿದನು. ಮರಾಠರ ಕುದುರೆಯವರಲ್ಲಿ ಆಗ ಎರಡು ಬಗೆಯುಂಟು. ಶಿಲೇದಾರನು ತನ್ನ ಕುದುರೆಯನ್ನೂ ತನ್ನ ಆಯುಧವನ್ನೂ ತಾನೇ ತರುವನು. ಬಾರಗೀರನಿಗೆ ಕುದುರೆಯೂ ಆಯುಧವೂ ಸರಕಾರದವು. ನಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಕೆ? ಸ್ವಂತ ಕುದುರೆಯವನು ಕುದುರೆ ಸತ್ತರೆ ದಿವಾಳಿಯಾಗುವನಾದುದರಿಂದ, ಕಾಳಗದಲ್ಲಿ ಅದನ್ನು ಕಾಪಾಡಿಕೊಳ್ಳಲು ನೋಡುವನು. ಸರಕಾರದ ಕುದುರೆಯವನು ಸರಕಾರ ಹೇಳಿದಲ್ಲಿ ನುಗ್ಗುವನು. ಶಿವಾಜಿಯವರು ಬಾರಗೀರರನ್ನೇ ಹೆಚ್ಚಾಗಿ ನೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಇವರ ಸೊಂಟದಲ್ಲಿಯೂ ಫಿರಂಗಿಯುಂಟು! ಯುರೋಪಿನಿಂದ ಬಂದ ಉದ್ದನೆಯ ನೆಟ್ಟನೆಯ ಅಲಗಿಗೆ ನಮ್ಮ ಕಮ್ಮಾರರು ನಮ್ಮ ಬಗೆಯ ಹಿಡಿಯನ್ನು ಕೂಡಿಸಿದ ಕತ್ತಿಗೆ ಮರಾಠರು ಫಿರಂಗಿಯೆಂದೇ ಹೆಸರಿಟ್ಟಿದ್ದರು. ಅದೇ ಕಾಳಗದಲ್ಲಿ ನಾಗೋಜಿ ಜೇಧೆಯೆಂಬ ತರುಣ ವೀರನು ಬಾಣ ತಗುಲಿ ಮಡಿದನು. ಒಂದೇ ಬಯಲಿನಲ್ಲಿ ಪರದೇಶದ ಅಲಗೂ, ರಾಮಾಯಣದ ಕಾಲದಿಂದ ಬಂದ ಬಿಲ್ಲೂ ಕೂಡಿದ್ದುವು. ಹೊಸದು ಬಂದೊಡನೆ ಹಳೆಯದು ಓಡಿಹೋಗುವುದೆಂದು ಪುಸ್ತಕದಲ್ಲಿ ಓದುವ ನಮಗೆ ತೋರುವುದುಂಟು. ನೆಲದ ಮೇಲೆ ಹಾಗಾಗುವುದಿಲ್ಲ.

ಅಷ್ಟರಲ್ಲಿ ಯುರೋಪಿನಲ್ಲಿ ದೊಡ್ಡ ಮಾರ್ಪಾಟುಗಳು ನಡೆದಿದ್ದುವು. ಬಂದೂಕಿನವನು ಮದ್ದು ತುಂಬುವ ವರೆಗೆ ಅವನನ್ನು ಶತ್ರುವಿನ ಕುದುರೆಗಳಿಂದ ಕಾಯಲು, ಹದಿನಾರು ಹದಿನೆಂಟು ಅಡಿಯ ಈಟಿಯವರು ಪಕ್ಕದಲ್ಲಿ ನಿಲ್ಲಬೇಕಾಗಿತ್ತು. ಹಾಲೆಂಡಿನಲ್ಲಿ ೧೬೦೭ರಲ್ಲಿ ಅಚ್ಚಾದ ಯಾಕೊಬ್ ದ ಹೈನನ ಕವಾಯತಿನ ಪುಸ್ತಕದಲ್ಲಿ, ದೊಡ್ಡ ಬಂದೂಕನ್ನು ಹಿಡಿದು ತುಂಬಿ ಹೊಡೆಯುವ ಕೆಲಸವನ್ನು ನಾಲ್ವತ್ತಮೂರು ಭಂಗಿಗಳಾಗಿ ವಿಂಗಡಿಸಿ ಚಿತ್ರಗಳಲ್ಲಿ ತೋರಿಸಿದೆ. ಮನುಷ್ಯನ ಕೈಕಾಲುಗಳನ್ನು ಯಂತ್ರದ ಹಲ್ಲುಗಳಂತೆ ಎಣಿಸುವ ವಿದ್ಯೆಯು ಅಲ್ಲಿಂದ ಬೆಳೆಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಬತ್ತಿಯು ಹೋಗಿ ಚಕಮಕಿ ಕಲ್ಲಿನ ಬಂದೂಕು ಬಂದಿತು. ನಳಿಗೆಯ ತುದಿಗೆ ಸಿಕ್ಕಿಸುವ ಸಂಗೀನು ಬಂದು, ಬಂದೂಕೇ ಈಟಿಯೂ ಆಗಿ, ಈಟಿಯವರು ಮರೆಯಾದರು. ಎದೆಗವಚವೂ ಶಿರಸ್ತ್ರಾಣವೂ ಕಾಲಾಳಿನ ಮೈಯಿಂದ ಇಳಿದುಹೋಗಿ ಬಣ್ಣದ ಅಂಗಿಯು ಏರಿತು. ಇಂಗ್ಲೆಂಡಿನಲ್ಲಿ ೧೬೪೫ರಲ್ಲಿ ಕಟ್ಟಿದ ಹೊಸ ಮಾದರಿಯ ದಂಡಿಗೆ ಕೆಂಪಂಗಿಯನ್ನು ತೊಡಿಸಿದರು. ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಹೊಗೆಯು ಕವಿದು ತನ್ನವರಾರು ಪರರಾರು ತಿಳಿಯದಾಗುವಾಗ ಬಣ್ಣವೇ ಗುರುತು. ಸರಕಾರವು ಬಂದೂಕನ್ನು ಕೊಟ್ಟಿತು, ಅಂಗಿಯನ್ನೂ ಕೊಟ್ಟಿತು. ಅಂಗಿಯ ಬೆಲೆಯನ್ನು ಸಿಪಾಯಿಯ ಸಂಬಳದಲ್ಲಿ ಮುರಿದುಕೊಂಡಿತು.

ಈ ವೇಷವೆಲ್ಲ ಪೂರ್ಣವಾಗಿ ಬಂದು ನಿಂತ ಎಡೆಯೇ ನಮ್ಮ ಪ್ರವಾಸದ ಕೊನೆಯ ಊರಾದ ಕೊಪ್ಪಳ. ಊರಿನ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡುವಿನಲ್ಲಿಯೂ ಅಶೋಕನ ಶಾಸನಗಳಿವೆ. ಕಳಿಂಗದ ಕೊಲೆಯನ್ನು ಕಂಡು ಮರುಗಿದ ಆ ಚಕ್ರವರ್ತಿಯ ಅಕ್ಷರಗಳು ಒಂದು ಬೆಟ್ಟದ ಮೇಲೆ, ಕೊಲೆಗಾಗಿಯೇ ಕಟ್ಟಿದ ಕೋಟೆಯು ಇನ್ನೊಂದರ ಮೇಲೆ. ಬಯಲಿನಿಂದ ಸುಮಾರು ನಾನೂರು ಅಡಿ ಎತ್ತರಕ್ಕೆ ಒಂಟಿಯಾಗಿ ಎದ್ದ ಬಂಡೆಯ ಬೆಟ್ಟದ ಮೇಲೆ ಮೇಲುಕೋಟೆ, ಬುಡದಲ್ಲಿ ಕೆಳಕೋಟೆ, ಸಮೀಪದಲ್ಲಿಯೇ ಬಹದ್ದೂರಬಂಡಿಯ ಕೋಟೆ. ಟಿಪ್ಪು ಸುಲ್ತಾನನು ೧೭೮೬ರಲ್ಲಿ ಇದನ್ನು ಪಾಳೆಯಗಾರನಿಂದ ಪಡೆದು, ಫ್ರೆಂಚ್ ಇಂಜಿನಿಯರರ ನೆರವಿನಿಂದ ಹೊಸದಾಗಿ ಬಲಪಡಿಸಿದನು. ಆನೆಗುಂದಿಯ ಗೋಡೆಯನ್ನು ನೋಡಿ ಬಂದವರು ಇಲ್ಲಿಯ ಗೋಡೆಯನ್ನು ಬಂದೂಕಿನ ಕಣ್ಣಿನಿಂದ ನೋಡಬೇಕು. ತೋಪಿನ ಗುಂಡಿಗೆ ಅಂಜಿ, ತೋಪನ್ನು ನೆಚ್ಚಿಕೊಂಡು ನಿಂತ ಕೋಟೆಯಿದು.

೧೭೯೦ರ ಕೊನೆಯ ಭಾಗದಲ್ಲಿ ನಿಜಾಮನ ದಂಡೂ ಕಂಪನಿಯ ಮದ್ರಾಸಿನ ಪಲ್ಟನುಗಳೂ ಕೂಡಿ ಈ ಕೋಟೆಯನ್ನು ಮುತ್ತಿದುವು. ಟಿಪ್ಪುವಿನ ಕಾಲಾಳುಗಳಿಗೆ ಹುಲಿಯ ಪಟ್ಟೆಯ ಗುರುತುಳ್ಳ ಅಂಗಿ, ಶ್ರೀರಂಗಪಟ್ಟಣದ ಕಾರಖಾನೆಗಳಲ್ಲಿ ಯುರೋಪಿನ ಮಾದರಿಯ ಮೇಲೆ ಮಾಡಿದ ಚಕಮಕಿ ಬಂದೂಕು. ಯುರೋಪಿನವರನ್ನೇ ಬೆದರಿಸಿದ, ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಕಟ್ಟಿದ ಅಗ್ನಿಬಾಣವೂ ಆ ದಂಡಿನ ಆಯುಧವಾಗಿತ್ತು. ಎದುರಿನ ಸಿಪಾಯಿಗಳಿಗೆ ಕೆಂಪು ಉಣ್ಣೆಯ ಅಂಗಿ, ಎದೆಯ ಮೇಲೆ ಹಾದುಹೋಗುವ ಬಿಳಿಯ ತೊಗಲಿನ ಪಟ್ಟಿ, ಪಟ್ಟಿಯಿಂದ ತೂಗುವ ತೋಟೆಯ ಪೆಟ್ಟಿಗೆ, ತಲೆಗೆ ರುಮಾಲು, ಮೊಣಕಾಲಿನಿಂದ ಮೇಲೆಯೇ ನಿಲ್ಲುವ ಚಡ್ಡಿ, ಕಾಲಿಗೆ ಚಪ್ಪಲಿ. ಸೊಂಟದ ಮೇಲೆ ಲಂಡನ್ನಿನ ಚಳಿಗಾಲ, ಸೊಂಟದ ಕೆಳಗೆ ಕರ್ನಾಟಕದ ಬೇಸಗೆ! ಕೈಯಲ್ಲಿದ್ದ ಬಂದೂಕಿನ ತೂಕ ಸುಮಾರು ಹತ್ತು ಪೌಂಡು. ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿದು, ನುರಿತವನಾದರೆ ನಿಮಿಷಕ್ಕೆ ಮೂರು ಬಾರಿ ಹೊಡೆಯುವನು. ನೂರು ಗಜದಾಚೆಗೆ ಗುರಿಯ ಮಾತಿಲ್ಲ. ಆದುದರಿಂದಲೇ ಸಾಲಾಗಿ ನಿಂತು ಒಟ್ಟಿಗೆ ಹೊಡೆಯುವ ಪದ್ಧತಿ.

ಇಷ್ಟೆಲ್ಲ ಸಲಕರಣೆಯಿದ್ದರೂ ಬಂಡೆಯು ಬಗ್ಗಲಿಲ್ಲ. ಮುತ್ತಿಗೆಗೆ ತಕ್ಕ ತೋಪುಗಳಾಗಲಿ ಮದ್ದುಗುಂಡುಗಳಾಗಲಿ ಮುತ್ತಿದವರಲ್ಲಿ ಸಾಕಷ್ಟು ಇರಲಿಲ್ಲ. ಸುಮಾರು ಆರು ತಿಂಗಳು ಹೀಗೆಯೇ ಕಳೆದುವು. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯು ಕಾರ್ನವಾಲಿಸನ ವಶವಾಯಿತೆಂಬ ಸುದ್ದಿ ಬಂದ ಮೇಲೆ, ಏಪ್ರಿಲ್ ತಿಂಗಳಲ್ಲಿ ಕೊಪ್ಪಳವೂ ಬಹದ್ದೂರಬಂಡಿಯೂ ಶರಣಾದುವು. ಗೋಡೆ ಬೀಳುವುದಕ್ಕಿಂತ ಮೊದಲು ಆಸೆ ಬಿದ್ದಿತು. ಆಗ ಮದ್ರಾಸಿನ ಪಲ್ಟನಿನಲ್ಲಿದ್ದ ತರುಣನೊಬ್ಬನು, ಮುಂದೆ ಮುಂಬಯಿಯ ಗವರ್ನರನಾದ ಜಾನ್ ಮಾಲ್ಕಮನು, ತಾನು ಹಿಂದುಸ್ಥಾನದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಬಲವಾದುದೆಂದು ಅಭಿಪ್ರಾಯಪಟ್ಟನು.

ಕೋಟೆಯ ಮೇಲೆ ನಿಂತು ಈ ಎರಡು ದಂಡುಗಳನ್ನು ಮನಸ್ಸಿನಲ್ಲಿ ತಂದುಕೊಂಡರೆ ಒಂದು ಸಂಗತಿಯು ಹೊಳೆಯುವುದು. ಹುಲಿಪಟ್ಟೆಯ ಅಂಗಿಯೊಳಗೂ ಕೆಂಪಂಗಿಯೊಳಗೂ ಇದ್ದ ಮೈಗಳು ಹೆಚ್ಚಾಗಿ ನಮ್ಮ ದಕ್ಷಿಣದ ಒಕ್ಕಲು ಮಕ್ಕಳವು. ಅಂಗಿಗಳನ್ನು ಅದಲುಬದಲು ಮಾಡಿದ್ದರೆ ತಾಯಂದಿರಿಗಲ್ಲದೆ ಬೇರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಅಂಗಿ ಕೊಟ್ಟವನು ಶತ್ರು ಯಾರೆಂಬುದನ್ನೂ ಹೇಳಿಕೊಟ್ಟನು. ಆದರೆ ಅಂಗಿಯೊಳಗಿನ ಮನುಷ್ಯನು ಪೂರ್ತಿಯಾಗಿ ಮಾರಾಟವಾಗುವುದಿಲ್ಲ. ೧೮೦೬ರ ಜುಲೈ ೧೦ರಂದು ವೇಲೂರಿನಲ್ಲಿ ಮದ್ರಾಸಿನ ಸಿಪಾಯಿಗಳು ಬಂಡೆದ್ದರು. ತೊಗಲಿನ ಗೊಂಡೆಯುಳ್ಳ ಹೊಸ ಬಗೆಯ ರುಮಾಲನ್ನು ತೊಡಬೇಕು, ಹಣೆಯ ಗುರುತನ್ನು ಅಳಿಸಬೇಕು, ಗಡ್ಡವನ್ನು ಬೋಳಿಸಬೇಕೆಂಬ ಆಜ್ಞೆಗಳು ಅದಕ್ಕೆ ಕಿಚ್ಚಿಟ್ಟುವು. ಬಂದೂಕನ್ನು ಹೊರಲು ಒಪ್ಪಿದ ಮನುಷ್ಯನು, ತನ್ನ ತಲೆಯ ಮೇಲೆ ಇನ್ನೊಬ್ಬನ ಕೈ ಬಂದಾಗ ಒಪ್ಪಲಿಲ್ಲ.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ನಮ್ಮ ಪ್ರಶ್ನೆಯು ತಲೆಕೆಳಗಾಗಿ ನಿಂತಿತು. ೧೮೫೭ರಲ್ಲಿ ಕಂಪನಿ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಅದೇ ನವೆಂಬರಿನಲ್ಲಿ ತಮ್ಮ ಹತ್ಯಾರುಗಳನ್ನು ಕೊಡಲೊಲ್ಲೆವೆಂದು ನಿಂತು, ಊರನ್ನೇ ಬೆಂಕಿಗೆ ಕಳೆದುಕೊಂಡರು. ೧೮೫೮ರ ಮೇ ತಿಂಗಳಲ್ಲಿ, ಹಮ್ಮಿಗಿಯ ಕೆಂಚನಗೌಡನ ವಾಡೆಯಲ್ಲಿ ಕೂಡಿಟ್ಟಿದ್ದ ಆಯುಧಗಳನ್ನು ಸರಕಾರದವರು ಹಿಡಿದು ಕಾವಲಿಟ್ಟರು. ಮುಂಡರಗಿಯ ಭೀಮರಾಯನು ಕಾವಲನ್ನು ಮುರಿದು ಅವುಗಳನ್ನು ಬಿಡಿಸಿಕೊಂಡು, ತಿಂಗಳ ಕೊನೆಯಲ್ಲಿ ಕೊಪ್ಪಳದ ಕೋಟೆಯನ್ನು ಹಿಡಿದನು. ಬಳ್ಳಾರಿಯಿಂದ ಮೇಜರ್ ಹ್ಯೂಸನ ದಂಡು ಬಂದಿತು. ಜೂನ್ ೧ರಂದು ಭೀಮರಾಯನೂ ಕೆಂಚನಗೌಡನೂ ಹೋರಾಡುತ್ತ ಇಲ್ಲಿಯೇ ಮಡಿದರು. ಆರು ತಿಂಗಳು ತಡೆದ ಕೋಟೆಯು ಈ ಸಲ ಎರಡು ಮೂರು ದಿನವೂ ತಡೆಯಲಿಲ್ಲ. ಕಲ್ಲು ಅದೇ; ಆದರೆ ಕಲ್ಲಿನ ಹಿಂದೆ ತೋಪೂ ಮದ್ದೂ ಕವಾಯತೂ ಇರಲಿಲ್ಲ. ಇದ್ದುದು ಒಂದೇ: ಕೈಯಲ್ಲಿದ್ದ ಆಯುಧವು ಅವರದೇ ಆಗಿತ್ತು, ಮೈಮೇಲಿದ್ದ ಅಂಗಿಯೂ ಅವರದೇ. ೧೫೨೦ರ ಬಂದೂಕಿನವನಿಗೆ ಇದೊಂದು ಸಾಮಾನ್ಯ ಸಂಗತಿ. ೧೮೫೮ರಲ್ಲಿ ಇದಕ್ಕಾಗಿಯೇ ಪ್ರಾಣ ಕೊಡಬೇಕಾಯಿತು.

ಈ ದಾರಿಯಲ್ಲಿ ಹೋಗಬೇಕೆಂಬುವರು ಚಳಿಗಾಲದಲ್ಲಿ ಹೊರಡುವುದು ಲೇಸು. ಕೊಪ್ಪಳದ ಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಬೇಕು. ಕುಡಿಯುವ ನೀರನ್ನು ಒಯ್ಯಬೇಕು. ಕಾಲು ಗಟ್ಟಿಯಿರುವ ಮಕ್ಕಳನ್ನು ಅವಶ್ಯವಾಗಿ ಕರೆದುಕೊಂಡು ಹೋಗಬೇಕು. ಮಕ್ಕಳು ಫಿರಂಗಿಯನ್ನು ಎಲ್ಲಿಡುತ್ತಿದ್ದರೆಂದು ಮೊದಲು ಕೇಳುವರು, ತೋರಿಸಿರಿ. ಆಮೇಲೆ, ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಅಂಗಿಯನ್ನು ತೊಟ್ಟು ಇದೇ ಮೆಟ್ಟಿಲುಗಳನ್ನು ಹತ್ತಿದವನು ಯಾವ ಊರಿನವನು, ಅವನ ಮನೆಯಲ್ಲಿ ಯಾರು ಕಾದಿದ್ದರು ಎಂದು ಅವರನ್ನು ಕೇಳಿರಿ.